ಹದಿನಾಲ್ಕರ ಗಡಿ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಕೆಳಗೆ ಕಾವೇರಿಯ ಹರಿವು. ವರ್ಷಕ್ಕೊಮ್ಮೆ ಇಲ್ಲಿ ನೆರೆಯುವ ದನಗಳ ಜಾತ್ರೆ ಸುತ್ತಣ ಸೀಮೆಗೆಲ್ಲ ಹೆಸರಾದುದು. ಎತ್ತಿನ ಹಗ್ಗ ಹಿಡಿದು ತಂದೆಯ ಹಿಂದೆ ಬರುವ ಬಾಲಕನು ಹಲ್ಲು ನೋಡಿ ರಾಸಿನ ವಯಸ್ಸು ಹೇಳುವುದನ್ನೂ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನೂ ಅಲ್ಲಿ ಕಲಿಯುತ್ತಾನೆ. ಅದೂ ವಿದ್ಯೆಯೇ. ಆದರೆ ಜಾತ್ರೆ ಮುಗಿದ ಮೇಲೆ ಅವನು ಶಾಲೆಗೆ ಮರಳುವನೇ?

ಈ ಪ್ರಶ್ನೆ ಒಂದು ಊರಿನದಲ್ಲ. 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ 193 ಸದಸ್ಯರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದವು. ನಾಳಿನವರ ಪಾಲನ್ನು ಕಸಿಯದೆ ಇಂದಿನವರು ಬಾಳುವುದೇ ಸುಸ್ಥಿರ ಅಭಿವೃದ್ಧಿ. ಬಿತ್ತನೆಯ ಕಾಳನ್ನು ಉಣ್ಣದೆ ಕಾದಿಡುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗುರಿಗಳಲ್ಲಿ ನಾಲ್ಕನೆಯದು ಗುಣಮಟ್ಟದ ಶಿಕ್ಷಣ. ಉಳಿದ ಗುರಿಗಳಿಗೂ ಅದರ ಆಸರೆ ಬೇಕು. ಗೊಬ್ಬರದ ಚೀಲದ ಮೇಲಿನ ಬರಹವನ್ನು ಓದಿ, ಅಳತೆಯರಿತು ಬಳಸುವವನಿಂದ ನೆಲವೂ ಉಳಿಯುತ್ತದೆ, ಹೊಳೆಯೂ ಉಳಿಯುತ್ತದೆ.

2000ದಲ್ಲಿ ಒಪ್ಪಿದ್ದ ಹಿಂದಿನ ಗುರಿಯು ಪ್ರಾಥಮಿಕ ಶಿಕ್ಷಣಕ್ಕೆ ನಿಂತಿತ್ತು; ಹೊಸದು ಪ್ರೌಢಶಿಕ್ಷಣವನ್ನೂ ಒಳಗೊಂಡಿತು. ದಕ್ಷಿಣ ಕೊರಿಯಾದ ಇಂಚಾನ್ ನಗರದಲ್ಲಿ 2015ರ ಮೇ ತಿಂಗಳಲ್ಲಿ ಸೇರಿದ ವಿಶ್ವ ಶಿಕ್ಷಣ ಸಮ್ಮೇಳನವು 12 ವರ್ಷಗಳ ಉಚಿತ ಶಿಕ್ಷಣ ದೊರೆಯಬೇಕೆಂದೂ ಅದರಲ್ಲಿ ಕನಿಷ್ಠ 9 ವರ್ಷ ಕಡ್ಡಾಯವಾಗಬೇಕೆಂದೂ ಸಾರಿತು. ಭಾರತದಲ್ಲಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಾದರೋ 6ರಿಂದ 14 ವರ್ಷದವರಿಗೆ, ಎಂಟನೆಯ ತರಗತಿ ಮುಗಿಯುವವರೆಗೆ ಮಾತ್ರ ಅನ್ವಯಿಸುತ್ತದೆ. ಒಂಬತ್ತನೆಯ ತರಗತಿಯ ಹೊಸ್ತಿಲು ದಾಟಿದ ವಿದ್ಯಾರ್ಥಿ ಆ ಕೊಡೆಯಿಂದ ಹೊರಗಾಗುತ್ತಾನೆ. ವಿಚಿತ್ರವೆಂದರೆ, ತೋಳಿಗೆ ಬಲ ಬಂದು ಕೂಲಿಗೆ ಕರೆ ಬರುವುದೂ ಅದೇ ವಯಸ್ಸಿನಲ್ಲಿ. 14 ದಾಟಿದವರನ್ನು ಅಪಾಯಕರವಲ್ಲದ ಕೆಲಸಕ್ಕೆ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೂ ಇಲ್ಲ. ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದೂರವೇ ಒಂದು ತಡೆ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲಾರಂಭಿಸಿ ಹಲವು ವರ್ಷ ಅದನ್ನು ನಡೆಸಿತು. 2007ರಲ್ಲಿ ಬಿಸಿಯೂಟವನ್ನು ಪ್ರೌಢಶಾಲೆಗೂ ವಿಸ್ತರಿಸಿತು. ಘೋಷಣೆಗಳ ಎದುರಿಗೆ ಇವು ಸಣ್ಣವೆನಿಸಬಹುದು. ಮೂರು ಮೈಲಿ ನಡೆಯಬೇಕಾದ ಹುಡುಗಿಗೆ ಹಾಗೆನಿಸದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರೊಳಗೆ ಪ್ರೌಢಶಿಕ್ಷಣವು ಎಲ್ಲರಿಗೂ ದೊರೆಯಬೇಕೆಂದು ಬಯಸಿದೆ. ಕಾಯಿದೆಯ ಗಡಿ ಇನ್ನೂ ಹದಿನಾಲ್ಕರಲ್ಲಿಯೇ ಇದೆ.