ವಿಂಚೆಸ್ಟರ್ ಕೋವಿಗಳ ಗುಣಪರೀಕ್ಷೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಲಿವರ್ ರೈಫಲುಗಳನ್ನು ಸಂಗ್ರಹಿಸುವ ಹವ್ಯಾಸವು, ದೂರದಿಂದ ನೋಡುವವರಿಗೆ ಆಯುಧವ್ಯಾಮೋಹವೆಂದು ತೋರಬಹುದಾದರೂ, ವಾಸ್ತವದಲ್ಲಿ ತಾಳೆಯೋಲೆಗಳನ್ನು ಪರಿಶೋಧಿಸುವ ವಿದ್ವಾಂಸನ ಕಾರ್ಯಕ್ಕೆ ಅತಿ ಸಮೀಪವಾದದ್ದು. ನಿರ್ಮಾಪಕನ ಕೈಯಿಂದ ಬಂದದ್ದೆಷ್ಟು, ಅನಂತರ ಸೇರಿದ ಪ್ರಕ್ಷೇಪವೆಷ್ಟು ಎಂಬುದೇ ಇಲ್ಲಿಯೂ ಮೂಲಪ್ರಶ್ನೆ.

ಈ ಕೋವಿಯ ಯಂತ್ರವಿಧಾನವು ಸರಳವೂ ಸುಂದರವೂ ಆದದ್ದು. ಬೆರಳುಗಳನ್ನು ತೂರಿಸಿದ ಲೋಹದ ಬಳೆಯನ್ನು, ಅಂದರೆ ಲಿವರನ್ನು, ಕೆಳಕ್ಕೊತ್ತಿದೊಡನೆ ಈಡಾದ ತೋಟಾದ ಬರಿಯ ಕೋಶವು ಹೊರಕ್ಕೆ ಚಿಮ್ಮಿ, ಕುದುರೆ (ಹ್ಯಾಮರ್) ಹಿಂದಕ್ಕೆ ಬಾಗಿ, ನಳಿಗೆಯ ಕೆಳಗಣ ಕೊಳವೆಯಿಂದ ಬಂದ ಹೊಸ ತೋಟಾ ಮೇಲಕ್ಕೇರುತ್ತದೆ. ಬಳೆಯನ್ನು ಮರಳಿ ಎಳೆದುಕೊಂಡರೆ ಅದು ನಳಿಗೆಯನ್ನು ಹೊಕ್ಕು ಸಿದ್ಧವಾಗುತ್ತದೆ. ಬೆಂಜಮಿನ್ ಟೈಲರ್ ಹೆನ್ರಿಯು 1860ರಲ್ಲಿ ಇದನ್ನು ಪರಿಷ್ಕರಿಸಿದಾಗ ಅವನ ಯಜಮಾನನಾಗಿದ್ದವನು ಅಂಗಿಗಳ ಉದ್ಯಮದಿಂದ ಬಂದ ಆಲಿವರ್ ವಿಂಚೆಸ್ಟರ್. ಹಿತ್ತಾಳೆಬಣ್ಣದ 1866ರ ಮಾದರಿಯೂ, ಏಳು ಲಕ್ಷಕ್ಕೂ ಮಿಕ್ಕಿ ತಯಾರಾದ 1873ರ ಮಾದರಿಯೂ, ಜಾನ್ ಬ್ರೌನಿಂಗನ ಪ್ರತಿಭೆಯಿಂದ ಹುಟ್ಟಿದ 1886, 1892, 1894ರ ಮಾದರಿಗಳೂ ಇದರ ಸಂತತಿ. ಅಮೆರಿಕದ ಕೇಂದ್ರ ಕಾನೂನಿನಂತೆ 1898ರವರೆಗೆ ತಯಾರಾದ ಕೋವಿ ಪುರಾತನವೆನಿಸುತ್ತದೆ.

ಬೆಲೆಯನ್ನು ನಿರ್ಣಯಿಸುವವನು ಮೊದಲು ನೋಡುವುದು ಹೊಳಪನ್ನಲ್ಲ. ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ನೀಲಚ್ಛಾಯೆ ಎಷ್ಟು ಉಳಿದಿದೆ, ಮುದ್ರೆಯ ಅಕ್ಷರಗಳ ಅಂಚು ಹರಿತವಾಗಿದೆಯೆ, ತಿರುಪುಗಳ ತಲೆಯ ಸೀಳು ಕೆಟ್ಟಿದೆಯೆ, ಮರವೂ ಲೋಹವೂ ಕೂಡುವೆಡೆಯಲ್ಲಿ ಎರಡೂ ಸಮನಾಗಿವೆಯೆ ಎಂಬುದನ್ನು ಅವನು ನಿಧಾನವಾಗಿ ಪರೀಕ್ಷಿಸುತ್ತಾನೆ. ಲೋಹಕ್ಕಿಂತ ಮರ ತಗ್ಗಿದ್ದರೆ ಯಾರೋ ಉಜ್ಜಿ ಮೆರುಗು ಕೊಟ್ಟಿದ್ದಾರೆಂದೇ ಅರ್ಥ. ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘದ ಮಾನದಂಡದಂತೆ ಪುರಾತನ ಕೋವಿಯು ಎರಡನೆಯ ದರ್ಜೆಗೆ ಸಲ್ಲಬೇಕಾದರೆ ಭಾಗಗಳೆಲ್ಲ ಮೂಲದವಾಗಿರುವುದಲ್ಲದೆ ಮೂಲಲೇಪವು ನೂರಕ್ಕೆ 80ಕ್ಕಿಂತ ಹೆಚ್ಚು ಉಳಿದಿರಬೇಕು. ಕಂದಿದ ಕೋವಿಗೆ ಹೊಸ ಬಣ್ಣ ಕೊಡಿಸುವುದನ್ನು ನಾನು ಅಪರಾಧವೆಂದೇ ಭಾವಿಸುತ್ತೇನೆ; ಬಣ್ಣದೊಡನೆ ಅಳಿಸಿಹೋಗುವುದು ಸಾಕ್ಷ್ಯ.

ವಂಚನೆಯೂ ಇಲ್ಲದಿಲ್ಲ. ಗುರಿಯಲ್ಲಿ ಅತಿ ನಿಖರವಾದ ನಳಿಗೆಗಳನ್ನು ಆರಿಸಿ ‘ಸಾವಿರದಲ್ಲೊಂದು’ ಎಂದು ಕೆತ್ತಿಸಿ ಮಾರಿದ 1873ರ ಮಾದರಿಗಳು 150ಕ್ಕೂ ಕಡಿಮೆ. ಕೆತ್ತನೆಯನ್ನು ಮಾತ್ರ ಯಾರು ಬೇಕಾದರೂ ಮಾಡಿಸಬಹುದು. ಆದುದರಿಂದ ವಯೋಮಿಂಗ್ ಸಂಸ್ಥಾನದ ಕೋಡಿ ಪಟ್ಟಣದ ಬಂದೂಕು ಸಂಗ್ರಹಾಲಯದಲ್ಲಿರುವ ಕಾರ್ಖಾನೆಯ ಮೂಲ ದಫ್ತರಗಳಿಗೆ ಅಷ್ಟು ಗೌರವ. ಎಲ್ಲ ಕೋವಿಗಳ ಕ್ರಮಸಂಖ್ಯೆಗಳೂ ಅಲ್ಲಿಲ್ಲವಾದರೂ, ಇರುವುವಕ್ಕೆ ನಳಿಗೆಯ ಆಕಾರ, ತೋಟಾದ ಅಳತೆ, ಕಾರ್ಖಾನೆ ಬಿಟ್ಟ ದಿನ ಇವು ದೊರೆಯುತ್ತವೆ.

ಈ ದಫ್ತರಗಳ ಉಪಯೋಗಕ್ಕೊಂದು ನಿದರ್ಶನ: 2014ರ ನವೆಂಬರಿನಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ, ಒಂದು ಜುನಿಪರ್ ಮರಕ್ಕೆ ಒರಗಿಸಿಟ್ಟಿದ್ದ, ಬುಡ ಮಣ್ಣಿನಲ್ಲಿ ಹೂತು, ಮರವೆಲ್ಲ ಬಿಸಿಲಿಗೆ ಬೆಳ್ಳಗಾಗಿ ಬಿರಿದ 1873ರ ಮಾದರಿಯೊಂದು ಸಿಕ್ಕಿತು. ಅದು ಕಾರ್ಖಾನೆಯಿಂದ ಹೊರಟ ವರ್ಷ 1882 ಎಂದು ದಫ್ತರ ತಿಳಿಸಿತು. ಕೊಂಡವನ ಹೆಸರನ್ನು ತಿಳಿಸಲಿಲ್ಲ. ಕೋಡಿಯ ತಜ್ಞರು ಅದನ್ನು ಹೊಸದರಂತೆ ಮಾಡಲು ಯತ್ನಿಸದೆ, ಬಿರಿದ ಮರ ಉದುರದಂತೆ ಮಾತ್ರ ಭದ್ರಪಡಿಸಿದರು. ಕ್ಷಕಿರಣದಲ್ಲಿ ಪರೀಕ್ಷಿಸಿದಾಗ ಕೋವಿಯ ಹಿಂಬದಿಯ ಮರದ ಪೊಟರೆಯೊಳಗೆ ಸಿಡಿಯದ ತೋಟಾವೊಂದು ಕಂಡಿತು. ಅದರ ತಯಾರಿಕೆಯ ಕಾಲ 1887ರಿಂದ 1911ರ ನಡುವಿನದು. ಹೀಗಾಗಿ, ಕೋವಿಯನ್ನು ಮರಕ್ಕೆ ಒರಗಿಸಿ ಹೋದದ್ದು 1887ಕ್ಕೆ ಮುಂಚೆ ಅಲ್ಲವೆಂಬುದಷ್ಟು ನಿಶ್ಚಯವಾಯಿತು.