ಎಸಿಯೊಳಗಿನ ಗ್ಯಾಸ್ ಯಾವುದು?

ಎಸಿ ಕೊಳ್ಳಲು ಹೋದರೆ ಎಷ್ಟು ಟನ್, ಎಷ್ಟು ಸ್ಟಾರ್, ಇಎಂಐ ಎಷ್ಟು ಎಂದೆಲ್ಲ ವಿಚಾರಿಸುತ್ತೇವೆ. ಒಳಗಿರುವ ಗ್ಯಾಸ್ ಯಾವುದೆಂದು ಕೇಳುವವರು ಕಡಿಮೆ. ಕೋಣೆಯ ಶಾಖವನ್ನು ಹೀರಿ ಹೊರಗೆ ಸಾಗಿಸುವುದು ಅದೇ. ಪೈಪಿನೊಳಗೆ ಸುತ್ತುತ್ತಿರುವವರೆಗೆ ಅದರಿಂದ ತೊಂದರೆಯಿಲ್ಲ. ಸೋರಿ ಗಾಳಿಗೆ ಸೇರಿದರೆ ಭೂಮಿಯನ್ನೇ ಬಿಸಿ ಮಾಡುತ್ತದೆ.

ಇದನ್ನು ಅಳೆಯಲು ಒಂದು ಲೆಕ್ಕವಿದೆ. ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ 100 ವರ್ಷಗಳಲ್ಲಿ ಹಿಡಿದಿಡುವ ಶಾಖವನ್ನು 1 ಎಂದುಕೊಂಡರೆ, ಹಳೆಯ ಎಸಿಗಳಲ್ಲಿರುವ ಆರ್-22ರ ಅಂಕಿ 1,810. ಅದು ಓಝೋನ್ ಪದರಕ್ಕೂ ಮಾರಕ. ಹಾಗಾಗಿ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಹಂತಹಂತವಾಗಿ ಮರೆಯಾಗುತ್ತಿದೆ. ಅದರ ಜಾಗಕ್ಕೆ ಬಂದ ಆರ್-410ಎ ಓಝೋನ್‌ಗೆ ಹಾನಿ ಮಾಡದು, ಆದರೆ ಅದರ ಅಂಕಿ 2,088!

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಆರ್-32. ಇದರ ಅಂಕಿ 675. ಬೆಂಕಿ ಹೊತ್ತಿಕೊಳ್ಳುವ ಗುಣ ಸ್ವಲ್ಪಮಟ್ಟಿಗೆ ಇದೆ. ಆರ್-290 ಎಂದರೆ ಪ್ರೊಪೇನ್, ಅಡುಗೆ ಸಿಲಿಂಡರಿನಲ್ಲೂ ಇರುವ ಅನಿಲ. ಅಂಕಿ 5ಕ್ಕಿಂತ ಕಡಿಮೆ. ಹಾಗಾದರೆ ಎಲ್ಲರೂ ಇದನ್ನೇ ಏಕೆ ಬಳಸುತ್ತಿಲ್ಲ? ಸುಲಭವಾಗಿ ಬೆಂಕಿ ಹತ್ತುತ್ತದೆ ಎಂಬ ಒಂದೇ ಕಾರಣಕ್ಕೆ ಕೋಣೆಯ ಅಳತೆ ನೋಡಿ ಎಷ್ಟು ತುಂಬಬಹುದೆಂಬ ಮಿತಿ ಹಾಕಲಾಗಿದೆ. ಆದರೂ ಗೋದ್ರೆಜ್ 2012ರಲ್ಲೇ ಇಂಥ ಎಸಿಯನ್ನು ನಮ್ಮ ಮಾರುಕಟ್ಟೆಗೆ ತಂದಿತ್ತು.

ರುವಾಂಡಾದ ಕಿಗಾಲಿಯಲ್ಲಿ 2016ರಲ್ಲಿ ಆದ ತಿದ್ದುಪಡಿಗೆ ಭಾರತ 2021ರಲ್ಲಿ ಅನುಮೋದನೆ ನೀಡಿದೆ. ಅದರಂತೆ ಆರ್-410ಎ, ಆರ್-32 ಸೇರಿರುವ ಎಚ್‌ಎಫ್‌ಸಿ ಗುಂಪಿನ ಬಳಕೆಯನ್ನು 2032ರಿಂದ ತಗ್ಗಿಸುತ್ತ, 2047ರ ಹೊತ್ತಿಗೆ ಶೇ 85ರಷ್ಟು ಇಳಿಸಬೇಕು. ಅಂದರೆ ಆರ್-32 ಕೂಡ ದಾರಿ ನಡುವಿನ ನಿಲ್ದಾಣವಷ್ಟೇ.

ಗ್ಯಾಸ್ ಎಷ್ಟೇ ಒಳ್ಳೆಯದಿರಲಿ, ಕೊನೆಗೆ ಎಲ್ಲವೂ ಮೆಕ್ಯಾನಿಕ್ ಕೈಯಲ್ಲಿದೆ. 'ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು' ಎಂದು ಪ್ರತಿ ಬೇಸಿಗೆಯಲ್ಲೂ ಯಾರಾದರೂ ಹೇಳಿದರೆ ಎಚ್ಚರ. ಅದು ಪೆಟ್ರೋಲ್‌ನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಮೊದಲು ಆ ತೂತು ಹುಡುಕಿ ಮುಚ್ಚಬೇಕು. ರಿಪೇರಿಗೆ ಮುನ್ನ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಹಳೆಯ ಆರ್-22 ಎಸಿಗೆ ಪ್ರೊಪೇನ್ ತುಂಬುವ ಸಾಹಸವಂತೂ ಬೇಡವೇ ಬೇಡ.

ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಎಸಿ ಟ್ರೇಡ್ ಓದುತ್ತಿರುವ ಗೆಳೆಯರೇ, ಬೆಂಕಿ ಹತ್ತುವ ಗ್ಯಾಸನ್ನು ಸುರಕ್ಷಿತವಾಗಿ ನಿಭಾಯಿಸಲು ಈಗಲೇ ಕಲಿತುಕೊಳ್ಳಿ. ಮುಂದಿನ ದಿನಗಳಲ್ಲಿ ಆ ವಿದ್ಯೆ ಬಲ್ಲವರನ್ನು ಕೆಲಸವೇ ಹುಡುಕಿಕೊಂಡು ಬರಲಿದೆ. ಕೊಳ್ಳುವವರು ಹೆಚ್ಚು ಸ್ಟಾರ್ ಇರುವ, ಕಡಿಮೆ ಅಂಕಿಯ ಗ್ಯಾಸ್ ಇರುವ ಎಸಿಯನ್ನೇ ಆರಿಸಿ. ಗ್ಯಾಸಿನ ಹೆಸರು ಎಸಿಯ ಮೇಲಿನ ಸ್ಟಿಕ್ಕರಿನಲ್ಲೇ ಇರುತ್ತದೆ, ಓದುವವರು ಬೇಕಷ್ಟೆ.