ತಾಯಿ ಕಾರ್ಡಿಗೂ ಮೊದಲಿನ ಆರೈಕೆ

ಗರ್ಭಿಣಿಯ ಆರೈಕೆಯಲ್ಲಿ ನಮ್ಮ ಮನೆಗಳು ಹಿಂದೆ ಬಿದ್ದಿಲ್ಲ. ಶುಭಸುದ್ದಿ ತಿಳಿದೊಡನೆ ಹಾಲು, ಹಣ್ಣು, ತವರಿನ ಬಯಕೆಯ ಊಟ ಎಲ್ಲವೂ ಮೊದಲಾಗುತ್ತವೆ. ಸರ್ಕಾರದ ತಾಯಿ ಕಾರ್ಡು ದೊರೆಯುವುದೂ ಗರ್ಭಿಣಿಯೆಂದು ಹೆಸರು ಬರೆಸಿದ ಮೇಲೆಯೇ. 2017ರಲ್ಲಿ ಅಂಗನವಾಡಿಯ ಬಿಸಿಯೂಟಕ್ಕೆಂದು ಆರಂಭವಾದ ಮಾತೃಪೂರ್ಣ ಯೋಜನೆಯೂ ಗರ್ಭಿಣಿ, ಬಾಣಂತಿಯರಿಗಾಗಿಯೇ ರೂಪುಗೊಂಡಿತು. ಅದಕ್ಕೂ ಮುನ್ನಿನ ತಿಂಗಳುಗಳಲ್ಲಿ ಆ ಹೆಣ್ಣುಮಗಳ ಆರೋಗ್ಯವನ್ನು ವಿಚಾರಿಸುವವರು ಯಾರು?

ಮಗುವಿನ ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಡವಾಯಿತೇ ಎಂದು ತಾಯಿ ಲೆಕ್ಕ ಹಾಕುವಷ್ಟರಲ್ಲಿ ಆ ಕಾರ್ಯ ಮುಗಿಯುತ್ತ ಬಂದಿರುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಶಿಶುವು ಬೆನ್ನುಹುರಿಯ ಇಲ್ಲವೆ ಮೆದುಳಿನ ದೋಷದೊಡನೆ ಜನಿಸುತ್ತದೆ. ಅಂತಹ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಫೋಲಿಕ್ ಆಮ್ಲವು ಮುಂದಿನ ಗರ್ಭಕ್ಕೆ ಆ ಅಪಾಯವನ್ನು ಶೇಕಡ 72ರಷ್ಟು ತಗ್ಗಿಸಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿಯೇ ತೋರಿಸಿತು. ಅಂಥವರಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ವೈದ್ಯರ ಸಲಹೆ ಅಗತ್ಯ. ಉಳಿದವರು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಸೇವಿಸಬೇಕು. ಗರ್ಭದ ಮೊದಲ ಮೂರು ತಿಂಗಳೂ ಅದನ್ನು ಮುಂದುವರಿಸಬೇಕು.

ಇದರೊಡನೆ ರಕ್ತಹೀನತೆಯ ಪ್ರಶ್ನೆಯೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು.

ತರೀಕೆರೆ ಸೀಮೆಯಲ್ಲಿ ಈ ತಿಳಿವಳಿಕೆಯನ್ನು ಒಂದೇ ಭಾಷೆಯಲ್ಲಿ, ಒಂದೇ ವೇಳೆಯಲ್ಲಿ ಎಲ್ಲರಿಗೂ ಮುಟ್ಟಿಸಲಾಗದು. ಅಡಿಕೆ ತೋಟದ ಮನೆಗಳು, ಲಂಬಾಣಿ ತಾಂಡಾಗಳು, ಪೇಟೆಯ ಉರ್ದು ಮನೆಮಾತಿನ ಕುಟುಂಬಗಳು, ಗುಡ್ಡದ ಮೇಲಿನ ಕಾಫಿ ತೋಟಗಳ ಕೂಲಿಕಾರರು, 2002ರ ಸುಮಾರಿಗೆ ಭದ್ರಾ ಅಭಯಾರಣ್ಯದಿಂದ ಎಂ.ಸಿ. ಹಳ್ಳಿಗೆ ಬಂದು ನೆಲೆಸಿದವರು, ಹೀಗೆ ಎಲ್ಲ ಬಗೆಯವರೂ ಇಲ್ಲಿದ್ದಾರೆ. ತೋಟದ ಕೆಲಸದವಳು ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಯಿತು. ಹೊಸ ಸೊಸೆ ಮಾತ್ರೆ ಕೈಗೆತ್ತಿಕೊಂಡರೆ "ಮದುವೆಯಾಗಿ ತಿಂಗಳಾಗಿಲ್ಲ, ಮಾತ್ರೆ ಏತಕ್ಕಮ್ಮಾ?" ಎಂದು ಅತ್ತೆ ಕೇಳಿಯಾರು. ಗರ್ಭ ನಿಲ್ಲದಿರಲು ನುಂಗುವ ಮಾತ್ರೆಯೆಂಬ ಸಂಶಯ ಕ್ರೈಸ್ತ ಮನೆಯಲ್ಲಿ ಇನ್ನೂ ಬೇಗ ಹುಟ್ಟೀತು. ಇದು ಗರ್ಭನಿರೋಧಕವಲ್ಲ, ಬರಲಿರುವ ಮಗುವಿಗಾಗಿಯೇ ಇರುವ ಜೀವಸತ್ವ ಎಂಬುದನ್ನು ಅತ್ತೆಯಂದಿರಿಗೂ ಬಿಡಿಸಿ ಹೇಳಬೇಕು.

ನಮಗೆ ಒಂದು ಅನುಕೂಲವುಂಟು. ವಿವಾಹಕ್ಕೆ ಮೊದಲು ವಧೂವರರಿಬ್ಬರೂ ಕುಳಿತು ಕೇಳುವ ಸಿದ್ಧತಾ ಶಿಬಿರ ನಮ್ಮಲ್ಲಿ ರೂಢಿಯಲ್ಲಿದೆ. ಶುಶ್ರೂಷೆಯಲ್ಲಿ ನುರಿತ ಧರ್ಮಭಗಿನಿಯೊಬ್ಬರಿಗೆ ಅಲ್ಲಿ ಒಂದು ಗಂಟೆ ಬಿಟ್ಟುಕೊಟ್ಟರೆ ಹೆಚ್ಚೇನೂ ಖರ್ಚಿಲ್ಲ. ಭಾನುವಾರದ ಮಧ್ಯಾಹ್ನ ಅದನ್ನೇ ನೆರೆಯ ತಾಂಡಾದ, ತೋಟದ ಸಾಲುಮನೆಗಳ ಹೆಣ್ಣುಮಕ್ಕಳಿಗೂ ಅವರವರ ಭಾಷೆಯಲ್ಲಿ ಹೇಳಿಸಬಹುದು; ಯಾವ ಧರ್ಮದವರೆಂದು ಕೇಳಬೇಕಾದ ವಿಷಯ ಇದಲ್ಲ. ವರನೂ ಕುಳಿತು ಕೇಳಲಿ, ಎಲೆಯಡಿಕೆಯೊಂದಿಗಿನ ತಂಬಾಕು, ಬೀಡಿಯ ಹೊಗೆ ಅವನಿಗೂ ಸಂಬಂಧಿಸಿದ ಮಾತು.

ರಕ್ತ, ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ಮದುವೆಯ ಓಡಾಟದ ನಡುವೆಯೇ ಆಗಿಬಿಡಲಿ. ಮೂರ್ಛೆರೋಗಕ್ಕೆ ಔಷಧ ನುಂಗುವವರು ತಾವಾಗಿ ನಿಲ್ಲಿಸದೆ ಮೊದಲೇ ವೈದ್ಯರನ್ನು ಕಾಣಬೇಕು. 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 15 ವರ್ಷದೊಳಗಿನ ಮಕ್ಕಳಿಗಾಗಿ ನಡೆಯಿತು. ಆಗ ಆ ವಯಸ್ಸು ದಾಟಿದ್ದವರು ರುಬೆಲ್ಲಾ ಲಸಿಕೆಯ ಬಗ್ಗೆ ವಿಚಾರಿಸಬೇಕು. ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಗರ್ಭ ನಿಲ್ಲದಂತೆ ಕಾಯಬೇಕು. ಇನ್ನು ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಮಲೆನಾಡಿನ ಮನೆಯಲ್ಲಿ ಕಾಫಿ ಬೇಡವೆನ್ನಲು ನಮಗೂ ಬಾಯಿ ಬಾರದು. ಗಂಟೆ ಎರಡು ಗಂಟೆ ತಡೆದು ಕುಡಿದರಾಯಿತು.